ನೆನೆಗುದಿ: ಒಂದು ಮಾತಿನ ಹುಟ್ಟು ಮತ್ತು ಅದು ನಡೆದ ದಾರಿ

ಅರಸರ ಯುದ್ಧಗಳಿಗೂ ಕೋಟೆಕೊತ್ತಳಗಳಿಗೂ ಚರಿತ್ರೆಯಿರುವಂತೆ ಮಾತುಗಳಿಗೂ ಚರಿತ್ರೆಯುಂಟು. ಕಲ್ಲಿನ ಶಾಸನ ಸವೆದುಹೋಗಬಹುದು, ಓಲೆಗೆ ಗೆದ್ದಲು ಹಿಡಿಯಬಹುದು. ಆದರೆ ಜನರ ನಾಲಗೆಯ ಮೇಲೆ ಉಳಿದ ಮಾತು ಸಾವಿರ ವರ್ಷಗಳ ಹಿಂದಿನ ಸಂಗತಿಯನ್ನು ಇಂದಿಗೂ ನುಡಿಯುತ್ತಿರುತ್ತದೆ. ಕೇಳುವ ಕಿವಿ ಬೇಕು, ಅಷ್ಟೆ. ಎರಡು ಭಾಷೆಗಳು ಒಂದೇ ಅಂಗಳದಲ್ಲಿ ಆಡುವ ಗಡಿನಾಡಿನಲ್ಲಿ ಶಾಲೆ ನಡೆಸುವ ನಮಗೆ ಈ ಬಗೆಯ ಚರಿತ್ರೆ ಪುಸ್ತಕ ತೆರೆಯುವ ಮೊದಲೇ ಕಿವಿಗೆ ಬೀಳುತ್ತದೆ. ಪ್ರಕೃತ ಲೇಖನದಲ್ಲಿ ಒಂದೇ ಒಂದು ಮಾತನ್ನು ಎತ್ತಿಕೊಂಡು ಅದರ ಅರ್ಥವನ್ನೂ ಹುಟ್ಟನ್ನೂ ವಿಚಾರಿಸಲು ಉದ್ದೇಶಿಸಿದ್ದೇನೆ. ಆ ಮಾತು ‘ನೆನೆಗುದಿ’.

ಇಂದು ಈ ಶಬ್ದವನ್ನು ನಾವು ಹೆಚ್ಚಾಗಿ ಕಾಣುವುದು ವೃತ್ತಪತ್ರಿಕೆಗಳಲ್ಲಿ. ಸೇತುವೆಯ ಕೆಲಸ ಅರ್ಧಕ್ಕೆ ನಿಂತರೆ ಅದು ನೆನೆಗುದಿಗೆ ಬಿತ್ತೆನ್ನುತ್ತಾರೆ. ಕಚೇರಿಯ ಕಡತ ಮುಂದೆ ಸರಿಯದಿದ್ದರೆ ಅದೂ ನೆನೆಗುದಿಯಲ್ಲಿದೆ. ಆದ್ದರಿಂದ ನಮ್ಮ ವಿದ್ಯಾರ್ಥಿಗಳಿಗೆ ಈ ಮಾತಿನ ಅರ್ಥ ಕೇಳಿದರೆ ‘ತಡವಾಗಿ ಬಿದ್ದಿರುವುದು’ ಎಂದೇ ಹೇಳುತ್ತಾರೆ. ಇದು ತಪ್ಪಲ್ಲ; ಆದರೆ ಇದು ಆ ಮಾತಿನ ಮುಪ್ಪಿನ ಅರ್ಥ. ಅದರ ಹರೆಯದ ಅರ್ಥವೇ ಬೇರೆ. ಹಿಂದೆ ನೆನೆಗುದಿ ಬೀಳುತ್ತಿದ್ದುದು ಕಡತಕ್ಕಲ್ಲ, ಮನುಷ್ಯನ ಮನಸ್ಸಿಗೆ. ದೂರದಲ್ಲಿರುವವರನ್ನೋ ಕೈಬಿಟ್ಟುಹೋದುದನ್ನೋ ಬಿಡದೆ ನೆನೆಯುತ್ತ, ಹೊರಗೆ ಹೇಳಿಕೊಳ್ಳದೆ, ಒಳಗೊಳಗೇ ಬೇಯುವ ಸ್ಥಿತಿಗೆ ಆ ಹೆಸರು.

ಈ ಸ್ಥಿತಿಯನ್ನು ಅದರ ನೆರೆಹೊರೆಯ ಭಾವಗಳಿಂದ ಬೇರ್ಪಡಿಸಿ ನೋಡುವುದು ಅಗತ್ಯ. ಅದು ಶೋಕವಲ್ಲ, ಶೋಕಕ್ಕೆ ಕಣ್ಣೀರುಂಟು, ನಾಲ್ಕು ಜನರ ಸಮಾಧಾನವುಂಟು. ಬರಿಯ ನೆನಪೂ ಅಲ್ಲ; ಅಂಗಡಿಯ ಸಾಲವನ್ನು ನೆನಪಿಡುವವನಿಗೆ ನೆನೆಗುದಿಯಿಲ್ಲ. ಹಂಬಲ ಇದಕ್ಕೆ ಹತ್ತಿರದ ನೆಂಟ. ಹಳಗನ್ನಡದಲ್ಲಿ ‘ಪಂಬಲ್’ ಎಂದಿದ್ದ ಈ ಮಾತು ಸಾಮಾನ್ಯವಾಗಿ ಮುಂದೆ ಸಿಗಬೇಕಾದುದರ ಕಡೆಗೆ ಮುಖ ಮಾಡಿರುತ್ತದೆ. ಮತ್ತೆ ಮತ್ತೆ ನೆನೆದುಕೊಳ್ಳುವುದಕ್ಕೆ ‘ನೆನವರಿಕೆ’ ಎಂಬ ಚೆಲುವಾದ ಮಾತಿದೆ. ನಿದ್ದೆಯಲ್ಲಿ ಬಡಬಡಿಸುವ ‘ಕನವರಿಕೆ’ಯ ಒಡಹುಟ್ಟಿನಂತೆ ಅದು ಕೇಳಿಸುತ್ತದೆ. ನೆನವರಿಕೆಗೆ ಬೆಂಕಿ ಸೋಕಿದರೆ ನೆನೆಗುದಿಯಾಗುತ್ತದೆ. ಮಗಳನ್ನು ಘಟ್ಟದ ಮೇಲಿನ ಸೀಮೆಗೆ ಕೊಟ್ಟು ಬಂದ ತಾಯಿ ಸಂಜೆ ಒಲೆಯ ಮುಂದೆ ಕುಳಿತಿದ್ದಾಗ ಅವಳ ಮುಖದಲ್ಲಿ ಕಾಣುವುದೇ ಈ ಭಾವ. ಮಗಳು ಸುಖವಾಗಿದ್ದಾಳೆ, ಅಳುವುದಕ್ಕೆ ಕಾರಣವಿಲ್ಲ. ಆದರೂ ಮನಸ್ಸು ತಣ್ಣಗಿಲ್ಲ.

ಬೇರೆ ಬೇರೆ ಜನಾಂಗಗಳು ಈ ಒಂದೇ ಭಾವಕ್ಕೆ ಹೆಸರಿಡುವಾಗ ಬೇರೆ ಬೇರೆ ಚಿತ್ರಗಳನ್ನು ಹಿಡಿದಿರುವುದು ಸ್ವಾರಸ್ಯಕರವಾಗಿದೆ. ಸಂಸ್ಕೃತದಲ್ಲಿ ‘ಉತ್ಕಂಠಾ’ ಎಂದರೆ ಕೊರಳನ್ನು ಮೇಲೆತ್ತಿರುವುದು. ಬರಬೇಕಾದವರ ದಾರಿಯನ್ನು ಕತ್ತು ನೀಡಿ ನೋಡುವವರ ಚಿತ್ರ ಅದು. ಇಂಗ್ಲಿಷಿನ ‘ಪೆನ್ಸಿವ್’ ಎಂಬ ಮಾತಿನ ಮೂಲ ಲ್ಯಾಟಿನ್ ಭಾಷೆಯ ತೂಗುವುದೆಂಬ ಅರ್ಥದ ಧಾತು. ಅಲ್ಲಿ ಮನಸ್ಸು ಒಂದು ತಕ್ಕಡಿ. ‘ನಾಸ್ಟಾಲ್ಜಿಯ’ ಎಂಬುದು ೧೬೮೮ರಲ್ಲಿ ಜೊಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ತನ್ನ ಪ್ರಬಂಧಕ್ಕಾಗಿ ಗ್ರೀಕ್ ಶಬ್ದಗಳಿಂದ ಕಟ್ಟಿದ ಮಾತು. ಮನೆಗೆ ಮರಳುವುದು, ನೋವು ಎಂಬ ಎರಡು ಮಾತುಗಳನ್ನು ಕೂಡಿಸಿ ಊರ ಚಿಂತೆಯನ್ನೊಂದು ರೋಗವೆಂದು ಅವನು ವಿವರಿಸಿದನು. ಕೊರಳು, ತಕ್ಕಡಿ, ರೋಗ ಇವು ಅವರವರ ಚಿತ್ರಗಳು. ಕನ್ನಡಿಗನು ಕಂಡದ್ದು ಒಲೆಯ ಮೇಲಿನ ಗಡಿಗೆಯನ್ನು. ಕುದಿಯುವುದು ಒಳಗೆ; ಹೊರಗಿನಿಂದ ನೋಡುವವರಿಗೆ ಗಡಿಗೆ ಸುಮ್ಮನೆ ಕುಳಿತಿರುತ್ತದೆ.

ಇನ್ನು ಮಾತಿನ ಕಟ್ಟನ್ನು ಬಿಡಿಸೋಣ. ನೆನೆ, ಕುದಿ ಎಂಬೆರಡು ಪದಗಳು ಸೇರಿ ‘ನೆನೆಗುದಿ’ಯಾಗಿದೆ. ಮಳೆ, ಕಾಲ ಸೇರಿ ‘ಮಳೆಗಾಲ’ವಾಗುವಂತೆ ಇಲ್ಲಿಯೂ ಕಕಾರಕ್ಕೆ ಗಕಾರ ಆದೇಶವಾಗಿ ಬಂದಿದೆ, ಇದು ಎಲ್ಲ ಅಧ್ಯಾಪಕರಿಗೂ ವಿದಿತವೇ. ತೊಡಕಿರುವುದು ಸಂಧಿಯಲ್ಲಲ್ಲ, ‘ನೆನೆ’ಯಲ್ಲಿ. ಕನ್ನಡದಲ್ಲಿ ಎರಡು ‘ನೆನೆ’ಗಳಿವೆ. ದೇವರನ್ನು ನೆನೆಯುವುದು ಒಂದು, ಮಳೆಯಲ್ಲಿ ನೆನೆಯುವುದು ಇನ್ನೊಂದು. ಇದನ್ನು ಹಿಡಿದು ಕೆಲವರು ಸೊಗಸಾದ ಒಂದು ವಿವರಣೆ ಕೊಡುವುದುಂಟು: ಬೇಳೆಯನ್ನು ಮೊದಲು ನೆನೆಹಾಕಿ ಆಮೇಲೆ ಕುದಿಸುವಂತೆ ಮನಸ್ಸು ಚಿಂತೆಯಲ್ಲಿ ನೆನೆದು ಅನಂತರ ಕುದಿಯುತ್ತದೆ, ಅದೇ ನೆನೆಗುದಿ ಎಂದು. ಇನ್ನೂ ಮುಂದೆ ಹೋಗಿ, ನೆನಪೆಂದರೇ ಮನಸ್ಸು ಹಿಂದಿನ ಕಾಲದಲ್ಲಿ ನೆನೆಯುವುದು, ಆದ್ದರಿಂದ ಎರಡು ‘ನೆನೆ’ಗಳೂ ಒಂದೇ ಎನ್ನುವವರೂ ಇದ್ದಾರೆ. ಕೇಳಲು ಇಂಪಾಗಿದೆ. ಭಾಷಣದಲ್ಲಿ ಹೇಳಿದರೆ ಚಪ್ಪಾಳೆಯೂ ಬಿದ್ದೀತು. ಆದರೆ ನಿಜವೇ ಎಂಬುದು ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಕೊಡಲು ನಮ್ಮ ಸೀಮೆ ತಕ್ಕ ಸ್ಥಳ. ಪೆರಿಯನಾಯಕನಪಾಳ್ಯಂ ಕೊಯಮತ್ತೂರಿನಿಂದ ಮೇಟ್ಟುಪ್ಪಾಳಯಕ್ಕೆ ಹೋಗುವ ಹೆದ್ದಾರಿಯ ಮೇಲೆ, ಪಶ್ಚಿಮ ಘಟ್ಟದ ಬುಡದಲ್ಲಿದೆ. ಟಿ. ಎಸ್. ಅವಿನಾಶಿಲಿಂಗಂ ಅವರು ೧೯೩೦ರಲ್ಲಿ ಆರಂಭಿಸಿದ ಶ್ರೀ ರಾಮಕೃಷ್ಣ ಮಿಷನ್ ವಿದ್ಯಾಲಯದಿಂದಾಗಿ ಈ ಊರಿನ ಹೆಸರು ಅಧ್ಯಾಪಕ ವರ್ಗಕ್ಕೆ ಪರಿಚಿತವಾಗಿದೆ. ಊರಿನ ಭಾಷೆ ತಮಿಳು. ಆದರೆ ಈ ಕೊಂಗುನಾಡಿನಲ್ಲಿ ಮನೆಯೊಳಗೆ ಕನ್ನಡವಾಡುವ ಕುಟುಂಬಗಳು ಬಹುಕಾಲದಿಂದ ನೆಲಸಿವೆ. ಮಗ್ಗದ ಕಸುಬಿನ ದೇವಾಂಗರು, ಬೇಸಾಯದ ಒಕ್ಕಲಿಗರು ಇವರಲ್ಲಿ ಮುಖ್ಯರು. ಹೊಯ್ಸಳರ ಕಾಲದ ಕೊನೆಯಲ್ಲಿ ದಣ್ಣಾಯಕರು ಸತ್ಯಮಂಗಲದ ಬಳಿ ಕೋಟೆ ಕಟ್ಟಿ ಆಳಿದರು. ಮುಂದೆ ವಿಜಯನಗರ ಮತ್ತು ಮಧುರೆಯ ನಾಯಕರ ಆಳ್ವಿಕೆ ಬಂದಿತು. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಅರಸರು ಈ ಸೀಮೆಗೆ ಕೈಚಾಚಿದರು. ೧೭೯೯ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಅದು ಇಂಗ್ಲಿಷರ ಪಾಲಾಯಿತು. ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದು, ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಈಚೆಗೇ ಉಳಿಯಿತು. ಅದು ಇಂದು ಈರೋಡು ಜಿಲ್ಲೆಯಲ್ಲಿದೆ. ಹೀಗೆ ಗಡಿಯ ಗೆರೆ ಹಲವು ಸಲ ಸರಿದರೂ ಮನೆಯ ಮಾತು ಸರಿಯಲಿಲ್ಲ. ಒಂದೇ ಬಾಯಿ ಬೆಳಿಗ್ಗೆ ಕನ್ನಡವನ್ನೂ ಮಧ್ಯಾಹ್ನ ತಮಿಳನ್ನೂ ಆಡುತ್ತ ತಲೆಮಾರುಗಳು ಕಳೆದಿವೆ.

ಈಗ ಆ ದಣ್ಣಾಯಕನ ಕೋಟೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ೧೯೫೫ರಲ್ಲಿ ಭವಾನಿಸಾಗರದ ಅಣೆಕಟ್ಟೆ ಮುಗಿದಾಗ ಆ ಕೋಟೆ ಜಲಾಶಯದಲ್ಲಿ ಮುಳುಗಿತು. ನೀರು ತೀರ ಇಳಿದ ವರ್ಷಗಳಲ್ಲಿ ಅಲ್ಲಿಯ ಮಾಧವರಾಯ ದೇವಾಲಯ ತಲೆಯೆತ್ತುತ್ತದೆ. ‘ಕೋಟೆಯ ಗೋಡೆ ನೀರಿನಲ್ಲಿ ನೆನೆಯುತ್ತಿದೆ, ನಾವು ಕೋಟೆಯನ್ನು ನೆನೆಯುತ್ತೇವೆ’ ಎಂದು ಕನ್ನಡದಲ್ಲಿ ಹೇಳಬಹುದು. ನಮ್ಮ ಕಡೆಯ ಎರಡು ಭಾಷೆಯ ಒಂದು ಮಗುವಿಗೆ ಈ ವಾಕ್ಯವನ್ನು ಕೊಟ್ಟು ತಮಿಳಿನಲ್ಲಿ ಹೇಳೆನ್ನಿ. ಮಗು ಎರಡು ಬೇರೆ ಮಾತುಗಳನ್ನು ಬಳಸುತ್ತದೆ. ಮೊದಲನೆಯದು ‘ನನೈ’, ಎರಡನೆಯದು ‘ನಿನೈ’. ಮಳೆಯಲ್ಲಿ ತೊಯ್ದವನು ‘ನನೈಂದಾನ್’. ಊರನ್ನು ಸ್ಮರಿಸಿದವನು ‘ನಿನೈತ್ತಾನ್’. ಮೊದಲಿನ ಸ್ವರ ಬೇರೆ, ಭೂತಕಾಲದ ರೂಪ ಬೇರೆ. ಮೊದಲನೆಯದು ಅಕರ್ಮಕ, ಎರಡನೆಯದು ಸಕರ್ಮಕ. ಇವು ಒಂದೇ ಮರದ ಎರಡು ಕೊಂಬೆಗಳಲ್ಲ, ಎರಡು ಮರಗಳು.

ಇಲ್ಲಿ ನಮ್ಮ ಮಿತ್ರರು ಒಂದು ಆಕ್ಷೇಪವನ್ನು ಎತ್ತಬಹುದು. ‘ನಿನೈ’ ಎಂಬುದು ಪುಸ್ತಕದ ತಮಿಳು. ಬೀದಿಯ ತಮಿಳಿನಲ್ಲಿ ‘ನೆನಪ್ಪು’, ‘ನೆನಚ್ಚೇನ್’ ಎಂದೇ ಹೇಳುತ್ತಾರಲ್ಲ, ಅದು ಕನ್ನಡದಂತೆಯೇ ಇದೆಯಲ್ಲ ಎಂದು. ಮಾತು ನಿಜ. ಆದರೆ ಅದೇ ಬೀದಿಯಲ್ಲಿ ಮಳೆಗೆ ಸಿಕ್ಕವನು ‘ನನಂಜೇನ್’ ಎನ್ನುತ್ತಾನೆಯೇ ಹೊರತು ‘ನೆನಂಜೇನ್’ ಎನ್ನುವುದಿಲ್ಲ. ಪುಸ್ತಕದಲ್ಲಿಯೂ ಬೀದಿಯಲ್ಲಿಯೂ ತಮಿಳು ಇವೆರಡನ್ನು ಬೇರೆಯಾಗಿಯೇ ಇಟ್ಟುಕೊಂಡಿದೆ.

ಕನ್ನಡದಲ್ಲಿ ಇವು ಒಂದಾದದ್ದು ಹೇಗೆ? ಅದಕ್ಕೂ ಸಾಕ್ಷ್ಯವಿದೆ. ತೊಯ್ಯುವುದೆಂಬ ಅರ್ಥದಲ್ಲಿ ಕನ್ನಡಕ್ಕೂ ‘ನನೆ’ ಎಂಬ ರೂಪವಿದೆ. ‘ನನೆ’ ಎಂದರೆ ಹಳಗನ್ನಡದಲ್ಲಿ ಮೊಗ್ಗೆಂದೂ ಅರ್ಥ. ಹೂಬಾಣದ ಮನ್ಮಥನನ್ನು ಕವಿಗಳು ‘ನನೆಯಂಬ’ನೆಂದು ಕರೆದರು. ತಮಿಳಿನ ‘ನನೈ’ಗೂ ಮೊಗ್ಗು, ತೊಯ್ಯು ಎಂಬ ಎರಡು ಅರ್ಥಗಳಿವೆ. ಕನ್ನಡದಲ್ಲಿ ತೊಯ್ಯುವ ‘ನನೆ’ಯ ಮೊದಲ ಸ್ವರ ಮುಂದಿನ ಎಕಾರದ ಸೆಳೆತಕ್ಕೆ ಸಿಕ್ಕಿ ‘ನೆನೆ’ಯಾಯಿತು. ಹಾಗೆ ಬಂದ ಮಾತು ಮೊದಲೇ ಅಲ್ಲಿದ್ದ ಸ್ಮರಿಸುವ ‘ನೆನೆ’ಯ ಪಕ್ಕದಲ್ಲಿ ಕುಳಿತುಕೊಂಡಿತು. ಉಡುಪು ಒಂದಾಯಿತು, ಕುಲ ಒಂದಾಗಲಿಲ್ಲ. ಇಂದಿಗೂ ಆಡುಮಾತು ಅವುಗಳ ಭೇದವನ್ನು ಮರೆತಿಲ್ಲ. ‘ಮಳೆಯಲ್ಲಿ ನೆಂದೆ’ ಎನ್ನುತ್ತೇವೆ. ‘ದೇವರನ್ನು ನೆಂದೆ’ ಎಂದು ಯಾರೂ ಹೇಳುವುದಿಲ್ಲ. ‘ನೆನಪು’, ‘ನೆನಹು’ ಎಂಬ ನಾಮಪದಗಳು ಸ್ಮರಣೆಗೆ ಮಾತ್ರ ಸಲ್ಲುತ್ತವೆ. ‘ಮಳೆಯ ನೆನಪು’ ಎಂದರೆ ಬಟ್ಟೆ ಒದ್ದೆಯಾಯಿತೆಂದು ಯಾರೂ ತಿಳಿಯುವುದಿಲ್ಲ. ‘ನೆನೆಯಕ್ಕಿ’ಯಾದರೋ ನೀರಿಗೆ ಸೇರಿದ್ದು.

ವಿದ್ವಾಂಸರ ಕೆಲಸವೂ ಇದನ್ನೇ ಹೇಳುತ್ತದೆ. ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು ಕನ್ನಡ ಶಬ್ದಗಳ ಪಕ್ಕದಲ್ಲಿ ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ನಂಟಿನ ಮಾತುಗಳನ್ನಿಟ್ಟು ತೂಗುವ ದಾರಿಯನ್ನು ತೋರಿಸಿತು. ೧೯೬೧ರಲ್ಲಿ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿಕೋಶ ಹೊರಬಂದಿತು. ಅದರಲ್ಲಿ ಸ್ಮರಿಸುವ ಮಾತಿನ ಕುಟುಂಬ ಒಂದು ಕಡೆ, ತೊಯ್ಯುವ ಮಾತಿನ ಕುಟುಂಬ ಇನ್ನೊಂದು ಕಡೆ ಇವೆ. ಈ ಎಮೆನೋ ಅವರು ೧೯೩೦ರ ದಶಕದಲ್ಲಿ ನಮ್ಮ ನೆತ್ತಿಯ ಮೇಲಿನ ನೀಲಗಿರಿಯಲ್ಲೇ ಇದ್ದು ತೋಡರ, ಕೋಟರ ಭಾಷೆಗಳನ್ನು ಬಾಯಿಂದ ಬಾಯಿಗೆ ಕೇಳಿ ಬರೆದುಕೊಂಡವರೆಂಬುದನ್ನು ನಾವು ಮರೆಯಬಾರದು. ಅಕ್ಷರವಿಲ್ಲದ ಜನರ ಮಾತೂ ಶಾಸ್ತ್ರಕ್ಕೆ ಸಾಕ್ಷಿಯೆಂದು ಅವರು ಕಂಡುಕೊಂಡಿದ್ದರು.

ಹೀಗೆ ‘ನೆನೆಗುದಿ’ಯ ಪೂರ್ವಪದ ಸ್ಮರಿಸುವ ‘ನೆನೆ’ಯೇ ಎಂಬುದು ಅದರ ಹಳೆಯ ಅರ್ಥದಿಂದ ನಿಲ್ಲುತ್ತದೆ. ಅದರ ಜೊತೆಯ ಮಾತುಗಳೂ ಇದಕ್ಕೆ ಬೆಂಬಲ ಕೊಡುತ್ತವೆ. ‘ಒಳಗುದಿ’ ಎಂದರೆ ಒಳಗಿನ ಸಂಕಟ; ‘ಬೇಗುದಿ’ ಎಂದರೆ ಬೆಂದು ಕುದಿಯುವ ಮನಸ್ಸಿನ ತಾಪ. ಈ ಮೂರರಲ್ಲಿಯೂ ಕುದಿಯುವುದು ಮನಸ್ಸೇ, ಬೇಳೆಯಲ್ಲ. ನೆನೆದು ಕುದಿಯುವುದೇ ನೆನೆಗುದಿ.

ಇನ್ನು ಉತ್ತರಪದವಾದ ‘ಕುದಿ’ಯನ್ನು ನೋಡಿದರೆ ಮತ್ತೊಂದು ಸೋಜಿಗ ಕಾದಿದೆ. ತಮಿಳಿನಲ್ಲಿ ಇದು ‘ಕೊದಿ’. ಅಂದರೆ ಪೂರ್ವಪದದಲ್ಲಿ ತಮಿಳಿನ ಇಕಾರಕ್ಕೆ ಕನ್ನಡದಲ್ಲಿ ಎಕಾರವಿದೆ. ಉತ್ತರಪದದಲ್ಲಿ ತಮಿಳಿನ ಒಕಾರಕ್ಕೆ ಕನ್ನಡದಲ್ಲಿ ಉಕಾರವಿದೆ. ಒಂದು ಕಡೆ ಸ್ವರ ಇಳಿದಿದೆ, ಇನ್ನೊಂದು ಕಡೆ ಏರಿದೆ. ಇದು ಯದೃಚ್ಛೆಯಲ್ಲ, ಎರಡು ನಿಯಮಗಳು ಇಲ್ಲಿ ಒಂದೇ ಮಾತಿನಲ್ಲಿ ಕೂಡಿವೆ.

ಮೊದಲನೆಯ ನಿಯಮ: ಮುಂದಿನ ಅಕ್ಷರದಲ್ಲಿ ಅ ಅಥವಾ ಐ ಇದ್ದಾಗ ಬರಹದ ತಮಿಳಿನ ಇ, ಉ ಸ್ವರಗಳಿಗೆ ಕನ್ನಡದಲ್ಲಿ ಎ, ಒ ಬರುತ್ತವೆ. ನಿಲಂ–ನೆಲ, ಇಲೈ–ಎಲೆ, ವಿಲೈ–ಬೆಲೆ, ತಿರೈ–ತೆರೆ, ಕುಡೈ–ಕೊಡೆ, ಪುಗೈ–ಹೊಗೆ, ಉಡಲ್–ಒಡಲು. ಇದೇ ಸಾಲಿನಲ್ಲಿ ನಿನೈ–ನೆನೆ ನಿಲ್ಲುತ್ತದೆ. ಎರಡನೆಯ ನಿಯಮ: ಮುಂದಿನ ಅಕ್ಷರದಲ್ಲಿ ಇಕಾರವಿದ್ದಾಗ ತಮಿಳಿನ ಎ, ಒ ಸ್ವರಗಳಿಗೆ ಕನ್ನಡದಲ್ಲಿ ಇ, ಉ ಬರುತ್ತವೆ. ಎಲಿ–ಇಲಿ, ಚೆವಿ–ಕಿವಿ, ತೆಳಿ–ತಿಳಿ, ಪೊಡಿ–ಪುಡಿ. ಇದೇ ಸಾಲಿನಲ್ಲಿ ಕೊದಿ–ಕುದಿ. ಮೊದಲನೆಯ ವ್ಯತ್ಯಾಸವನ್ನು ಕುರಿತು ಬರೋ ಅವರು ೧೯೪೦ರಲ್ಲಿ, ಭದ್ರಿರಾಜು ಕೃಷ್ಣಮೂರ್ತಿಯವರು ೧೯೫೮ರಲ್ಲಿ ವಿಸ್ತಾರವಾಗಿ ಬರೆದಿದ್ದಾರೆ.

ಎರಡನೆಯ ನಿಯಮಕ್ಕೆ ಉದಾಹರಣೆ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಊರಿನ ಹೆಸರಿನ ಮೊದಲ ಪದವೇ ಸಾಕು. ‘ಪೆರಿಯ’ ಎಂದರೆ ದೊಡ್ಡದು. ಮುಂದೆ ಇಕಾರವಿರುವುದರಿಂದ ಕನ್ನಡದಲ್ಲಿ ಇದು ‘ಪಿರಿಯ’. ಅನಂತರ ಪಕಾರ ಹಕಾರವಾಗಿ ‘ಹಿರಿಯ’. ತಮಿಳಿನ ‘ಪಟ್ಟಿ’ ಕನ್ನಡದಲ್ಲಿ ‘ಹಟ್ಟಿ’ಯಾದಂತೆ, ‘ಪಂಬಲ್’ ‘ಹಂಬಲ’ವಾದಂತೆ ಇದೂ ಆಗಿದೆ. ರೈಲು ನಿಲ್ದಾಣದ ಹಲಗೆಯ ಮೇಲೆ ‘ಪೆರಿಯ’ ಎಂದು ಓದಿ, ಮನೆಗೆ ಬಂದು ‘ಹಿರಿಯರು’ ಎನ್ನುವ ಮಗುವಿನ ನಾಲಗೆಯ ಮೇಲೆ ಸಾವಿರ ವರ್ಷಗಳ ಧ್ವನಿಚರಿತ್ರೆ ಹೋಗಿಬರುತ್ತಿದೆ. ಅದನ್ನು ಆ ಮಗುವಿಗೆ ತೋರಿಸಿಕೊಡುವವರು ಬೇಕು.

ಕಡೆಯದಾಗಿ, ಮನಸ್ಸಿನ ಈ ಮಾತು ಕಡತಕ್ಕೆ ಅಂಟಿಕೊಂಡದ್ದು ಹೇಗೆ ಎಂಬುದನ್ನು ವಿಚಾರಿಸಬೇಕು. ನೆನೆಗುದಿಯಲ್ಲಿರುವವನು ಕಾಯುವವನು. ಅವನು ಬಯಸಿದ್ದು ಆಗಲೂ ಇಲ್ಲ, ಆಗುವುದಿಲ್ಲವೆಂದು ತೀರ್ಮಾನವೂ ಆಗಿಲ್ಲ. ಆಗಿಬಿಟ್ಟರೆ ಕುದಿ ತಣಿಯುತ್ತದೆ; ಆಗುವುದಿಲ್ಲವೆಂದು ಗೊತ್ತಾದರೆ ಅದು ಶೋಕವಾಗಿ ಮಾರ್ಪಡುತ್ತದೆ. ಎರಡರ ನಡುವೆ ತೂಗುವುದೇ ನೆನೆಗುದಿಯ ಲಕ್ಷಣ. ಈ ತೂಗಾಟವನ್ನು ಜನರು ಕಾಯುವವನಿಂದ ಎತ್ತಿ, ಅವನು ಕಾಯುತ್ತಿರುವ ವಸ್ತುವಿನ ಮೇಲಿಟ್ಟರು. ಮೊದಲು ‘ಅವನು ನೆನೆಗುದಿಗೆ ಬಿದ್ದ’. ಆಮೇಲೆ ‘ಅವನ ಕೆಲಸ ನೆನೆಗುದಿಗೆ ಬಿತ್ತು’. ವಾಕ್ಯದ ಕರ್ತೃಪದ ಬದಲಾಯಿತು, ಅದರೊಡನೆ ಅರ್ಥವೂ ಬದಲಾಯಿತು. ‘ಉತ್ಕಂಠೆ’ ಕೂಡ ಹೀಗೆಯೇ ತನ್ನ ವಿರಹದ ಛಾಯೆಯನ್ನು ಬಹುಮಟ್ಟಿಗೆ ಕಳೆದುಕೊಂಡು ಇಂದು ಬರಿಯ ಆತುರವಾಗಿ ಉಳಿದಿದೆ.

ಅರ್ಥ ಬದಲಾಗುವುದು ಭಾಷೆಯ ಧರ್ಮ. ಅದಕ್ಕೆ ಯಾರೂ ಮರುಗಬೇಕಾಗಿಲ್ಲ. ಮರುಗಬೇಕಾದುದು ಬೇರೊಂದಿದೆ. ಕಡತದ ಅರ್ಥ ಬಂದು ಮನಸ್ಸಿನ ಅರ್ಥ ಹೊರಟುಹೋದ ಮೇಲೆ, ಆ ತಾಯಿಯ ಸಂಜೆಯ ಸ್ಥಿತಿಗೆ ನಮ್ಮ ಮಕ್ಕಳ ಬಾಯಲ್ಲಿ ಯಾವ ಹೆಸರೂ ಉಳಿಯುವುದಿಲ್ಲ. ಹೆಸರಿಲ್ಲದ ನೋವನ್ನು ಹೇಳಿಕೊಳ್ಳುವುದು ಕಷ್ಟ. ಇನ್ನೊಬ್ಬರಲ್ಲಿ ಗುರುತಿಸುವುದು ಅದಕ್ಕಿಂತ ಕಷ್ಟ.

ಗಡಿನಾಡಿನ ಅಧ್ಯಾಪಕರಿಗೆ ಇದರಲ್ಲಿ ವಿಶೇಷವಾದ ಒಂದು ಹೊಣೆಯಿದೆಯೆಂದು ನನ್ನ ಭಾವನೆ. ನಮ್ಮ ಕಡೆಯ ಮನೆಗನ್ನಡವನ್ನು ಬೆಂಗಳೂರು ಮೈಸೂರುಗಳಿಂದ ಬಂದವರು ಕೇಳಿದರೆ ‘ತಮಿಳು ಬೆರೆತ ಕನ್ನಡ’ವೆಂದು ನಗುವುದುಂಟು. ಮಕ್ಕಳು ಆ ನಗುವಿಗೆ ನಾಚಿ ಮನೆಯ ಮಾತನ್ನೇ ಬಿಡುತ್ತಾರೆ. ಶಾಲೆಯಲ್ಲಿ ಓದುವುದು ತಮಿಳು ಮತ್ತು ಇಂಗ್ಲಿಷ್. ಕನ್ನಡದ ಲಿಪಿ ಅನೇಕರಿಗೆ ಬಾರದು. ಹೀಗಿರುವಾಗ ಅಜ್ಜಿಯೊಡನೆ ಹೋದ ಮಾತು ಹೋದಂತೆಯೇ. ಆದರೆ ಮೇಲಿನ ವಿಚಾರದಿಂದ ಒಂದಂಶ ಸ್ಪಷ್ಟವಾಗಿದೆ. ಎರಡು ‘ನೆನೆ’ಗಳು ಒಂದೇ ಅಲ್ಲವೆಂಬುದಕ್ಕೆ ಕನ್ನಡವೊಂದನ್ನೇ ಬಲ್ಲವನು ಪುಸ್ತಕ ತೆರೆಯಬೇಕು, ನಮ್ಮ ಹಳ್ಳಿಯ ಮಗು ಬಾಯಿ ತೆರೆದರೆ ಸಾಕು. ಎರಡು ಭಾಷೆ ಬಲ್ಲ ಮಗುವಿನಲ್ಲಿ ಕೊರತೆಯನ್ನು ಕಾಣುವವರು ಅದರ ಕೈಯಲ್ಲಿರುವ ತಕ್ಕಡಿಯನ್ನು ಕಂಡಿಲ್ಲ.

ಆದ್ದರಿಂದ ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ. ಪ್ರತಿಯೊಂದು ಶಾಲೆಯಲ್ಲಿಯೂ ಒಂದು ನೋಟುಪುಸ್ತಕವನ್ನು ಇಡೋಣ. ಮಕ್ಕಳು ಮನೆಯ ಹಿರಿಯರಿಂದ ಕೇಳಿದ ಒಂದೊಂದು ಮಾತನ್ನು, ಅದನ್ನಾಡಿದ ಸಂದರ್ಭದೊಡನೆ, ತಮಗೆ ಬರುವ ಯಾವ ಲಿಪಿಯಲ್ಲಾದರೂ ಬರೆದು ತರಲಿ. ಅದರ ಎದುರಿಗೆ ತಮಿಳಿನ ಮಾತನ್ನೂ ಬರೆಯಲಿ. ನಗುವ ಮಾತು, ಬೈಯುವ ಮಾತು, ಅಡುಗೆಯ ಮಾತು, ಮಗ್ಗದ ಮಾತು ಎಲ್ಲವೂ ಇರಲಿ. ಮನಸ್ಸು ಸುಮ್ಮನೆ ಭಾರವಾದಾಗ ಹಿರಿಯರು ಏನೆನ್ನುತ್ತಾರೆಂಬುದನ್ನು ಮಾತ್ರ ತಪ್ಪದೆ ಕೇಳಿಸಿ ಬರೆಸೋಣ. ಬೇಗ ಅಳಿದುಹೋಗುವುದು ಆ ಬಗೆಯ ಮಾತೇ. ಇದಕ್ಕೆ ಸರಕಾರದ ಆಜ್ಞೆ ಬೇಕಿಲ್ಲ, ಹಣವೂ ಹೆಚ್ಚು ಬೇಡ. ಮುಂದಿನ ವರ್ಷ ಸಂಚಿಕೆ ಹೊರಡುವ ವೇಳೆಗೆ ಹತ್ತು ಶಾಲೆಗಳಿಂದ ಹತ್ತು ಪುಸ್ತಕಗಳು ಬಂದರೂ, ಈ ಸೀಮೆಯ ಮಾತಿನ ಚರಿತ್ರೆಯನ್ನು ಬರೆಯುವವರಿಗೆ ಅದೊಂದು ಒಳ್ಳೆಯ ಆರಂಭ. ಈ ಕೆಲಸವನ್ನು ಇಂದಿನ ಅರ್ಥದಲ್ಲಿ ನೆನೆಗುದಿಗೆ ಬೀಳಿಸದಿದ್ದರೆ, ಹಿಂದಿನ ಅರ್ಥವೂ ಉಳಿದೀತು.